ಬಿಳಿ ಹಿನ್ನೆಲೆ

ಜಾಮ್ ಆದ ಕಾಗದ ಎಳೆಯುತ್ತಿದ್ದೆ, ತಲೆ ಮಿಶಿನ್ನಿನೊಳಗೆ.
ಅಕ್ಕಾ, ಅಂತ ಒಂದು ದನಿ.
ಯಾವೂರಮ್ಮ, ಅಂದೆ.
ಮಲಾವಿ.
ಮಾಲೂರೇ? ಹಂಗಾದ್ರೆ ಹಾಸ್ಟೆಲ್ ಯಾಕೆ,
ದಿನಾ ಬಸ್ಸಲ್ಲೇ ಬರಬಹುದಲ್ಲ?
ಆಮೇಲೆ ತಲೆ ಎತ್ತಿದೆ.

ಟಮಕದ ಹೆದ್ದಾರಿ ಬದಿಗೆ, ನರ್ಸಿಂಗ್ ಕಾಲೇಜಿನ ಗೇಟಿಗೆ ಎದುರು
ನನ್ನ ಜೆರಾಕ್ಸ್ ಅಂಗಡಿ. ಅವಳ ಕತ್ತಿನಲ್ಲಿ ಹೊಸ ದಾರ,
ದಾರದ ತುದಿಗೆ ಕಾರ್ಡು, ಕಾರ್ಡಿನಲ್ಲಿ ಹೆಸರಿದೆ,
ಮುಖದ ಜಾಗ ಖಾಲಿ.
ತಿಯಾಮಿಕೆ.
ಎರಡು ಸಲ ತಪ್ಪು ಹೇಳಿದೆ, ಮೂರನೇ ಸಲ ಅವಳೇ ಬಿಟ್ಟುಕೊಟ್ಟಳು.

ಓರಿಯೆಂಟೇಶನ್ ಅಂತೆ, ನಾಲ್ಕು ದಿನ.
ಫೈಲಿನಲ್ಲೊಂದು ನಕ್ಷೆ: ಇಲ್ಲಿ ಲೈಬ್ರರಿ, ಇಲ್ಲಿ ಮೆಸ್ಸು,
ಕೆಂಪು ಚುಕ್ಕೆ, ನೀವು ಇಲ್ಲಿದ್ದೀರಿ.
ಗೇಟಿನಾಚೆ ಏನೂ ಬರೆದಿರಲಿಲ್ಲ.
ನಾನು ನಿಂತಿದ್ದ ಜಾಗದಲ್ಲಿ ಬರೀ ಕಾಗದ.

ಏಳು ಫೋಟೋ ಬೇಕು, ಹಿನ್ನೆಲೆ ಬಿಳಿ.
ಪರದೆ ಅಂದರೆ ನನ್ನ ಮಗಳ ಬಾಣಂತನಕ್ಕೆ ತಂದಿದ್ದ ದುಪ್ಪಟಿ.
ನಯಾಜ್ ಸ್ಟೂಲು ಸರಿಸಿದ, ಗದ್ದ ಎತ್ತಿಸಿದ, ಕ್ಲಿಕ್ಕಿಸಿದ.
ಅವನ ಕಂಪ್ಯೂಟರಿನಲ್ಲೊಂದು ಗುಂಡಿ ಇದೆ,
ಯಾರನ್ನೂ ಕೇಳದೆ ಒತ್ತುತ್ತಾನೆ, ಪ್ರೀತಿಯಿಂದಲೇ:
ಬಂಗಾರಪೇಟೆಯ ಮದುವೆ ಹೆಣ್ಣುಗಳಿಗೆ,
ಟೊಮೆಟೊ ಮಂಡಿಯ ಹಮಾಲರಿಗೆ,
ಪಿಂಚಣಿಗೆ ಬಂದ ಅಜ್ಜಿಯರಿಗೆ,
ಹಾರ ಹಾಕುವ ಮುಂಚೆ ಸತ್ತವರಿಗೂ.
ಒತ್ತಿದರೆ ಎಲ್ಲರೂ ಎರಡು ಬಣ್ಣ ತಿಳಿ.

ಅವಳು ತೆರೆಯ ಹತ್ತಿರ ಬಾಗಿ ನೋಡಿದಳು, ತುಂಬಾ ಹೊತ್ತು.
ಇವಳು ಯಾರು? ಇಂಗ್ಲಿಷಿನಲ್ಲಿ ಕೇಳಿದಳು.
ಕೋಪವಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು
ಯಾರದೆಂದು ವಿಚಾರಿಸುವ ಹಾಗೆ.

ನಯಾಜ್ ನನ್ನ ಮುಖ ನೋಡಿದ. ನಾನು ಅವನದು ನೋಡಲಿಲ್ಲ.
ಒಂದೊಂದೇ ಮೆಟ್ಟಿಲು ಹಿಂದೆ ಬಂದ.
ಅವಳೂ ಬಂದಳು, ಬಿಳಿ ದುಪ್ಪಟಿಯೊಳಗಿಂದ,
ಇನ್ನೂ, ಇನ್ನೂ ಅನ್ನುತ್ತಾ,
ಸ್ಟಾಪ್ ಅಂದಾಗ
ಸ್ಟೂಲಿನ ಮೇಲಿದ್ದವಳೇ ತೆರೆಯಲ್ಲೂ ಇದ್ದಳು.

ನನ್ನ ಸಂಬಂಧಕ್ಕೆ ಕಳಿಸಿದ ಫೋಟೋಗೆ
ಚಿಂತಾಮಣಿಯ ಸ್ಟುಡಿಯೋದವನು ಕುಂಚದಲ್ಲಿ ಪೌಡರು ಹಚ್ಚಿದ್ದ.
ನೋಡಲು ಬಂದ ದಿನ ಅತ್ತೆ ಕೇಳಿದ್ದು, ಹುಡುಗಿ ಎಲ್ಲಿ?
ಕಾಫಿ ತಟ್ಟೆ ಹಿಡಿದು
ಅವರ ಎದುರಿಗೇ ನಿಂತಿದ್ದೆ.

ಬುಧವಾರ ಮತ್ತೆ ಬಂದಳು, ಒಂದು ನೋಟ್‌ಬುಕ್ ಹಿಡಿದು.
ಹಾಳೆಯ ತಲೆಗೆ ಕನ್ನಡ ಅಂತ, ಇಂಗ್ಲಿಷ್ ಅಕ್ಷರ, ಎರಡು ಅಡಿಗೆರೆ.
ನೀಳ್ಳು. ಅನ್ನಂ. ಎಂತ. ವದ್ದು.
ರೂಮ್‌ಮೇಟು ಶ್ರೀನಿವಾಸಪುರದ ಭಾರ್ಗವಿ ಬರೆಸಿದ್ದಂತೆ.
ಪೂರ್ತಿ ತೆಲುಗು.
ಹೇಳಲೋ ಬೇಡವೋ ಅಂತ ಸ್ವಲ್ಪ ಹೊತ್ತು ಹಾಳೆ ಹಿಡಿದುಕೊಂಡಿದ್ದೆ.
ನಮ್ಮ ಮನೆಯಲ್ಲೂ ಲೆಕ್ಕ ಕನ್ನಡ, ಅಳು ತೆಲುಗು,
ಬೈಗುಳ ಎರಡೂ. ನಾನು ಎಲ್ಲಿ ಅಂತ ಗೆರೆ ಎಳೆಯಲಿ?
ಪಕ್ಕಕ್ಕೆ ಬರೆದುಕೊಟ್ಟೆ:
ನೀರು. ಅನ್ನ. ಎಷ್ಟು. ಬೇಡ.
ಅವಳು ಎರಡನ್ನೂ ಜೋರಾಗಿ ಓದಿದಳು, ಒಂದರ ಹಿಂದೊಂದು,
ಅಕ್ಕತಂಗಿಯರನ್ನು ಕರೆದಂತೆ.

ಗುರುವಾರಕ್ಕೆ ಮುಗಿಯಿತು ಅವರ ಪರಿಚಯವೆಲ್ಲ.
ಸಂಜೆ ಒಬ್ಬಳೇ ಬಂದು ಎಂಟು ಪುಟ ಜೆರಾಕ್ಸ್ ಮಾಡಿಸಿದಳು.
ಹೊರಗೆ ಲಾರಿ ಸದ್ದು. ಪರ್ಸು ತೆಗೆದು, ಗಂಟಲು ಸರಿಮಾಡಿಕೊಂಡು,
ಎಂತ ಆಯ್ತಕ್ಕಾ?
ಅರ್ಧ ಅದು, ಅರ್ಧ ಇದು. ಹುಟ್ಟಿದ್ದು ಇಲ್ಲೇ ಅನ್ನಬೇಕು.
ಹದಿನಾರು, ಅಂದೆ. ಇಪ್ಪತ್ತು ಕೊಟ್ಟಳು.
ಚಿಲ್ಲರೆ ಇರಲಿಲ್ಲ. ನಾಳೆ, ಅಂದೆ.
ನಾಳೆ, ಅಂದಳು, ಆ ಪದ ಯಾರೂ ಬರೆಸಿರದಿದ್ದರೂ.

ಒಂದು ಹಾಳೆಗೆ ಎಂಟು ಫೋಟೋ ಬರುತ್ತವೆ.
ಎಂಟನೆಯದು ನನ್ನ ಮೇಜಿನ ಗಾಜಿನ ಕೆಳಗಿದೆ,
ಲ್ಯಾಮಿನೇಶನ್ ದರಪಟ್ಟಿಯ ಪಕ್ಕ.
ಯಾರಕ್ಕ ಇದು, ಅಂತಾರೆ ಬಂದವರು.
ಮಾಲೂರು ಹುಡುಗಿ, ಅಂತೀನಿ,
ತಲೆ ಎತ್ತದೆ.